ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ನಮ್ಮ ಮನೆಯ ಅಡಿಗೆಕೋಣೆಯ ಗೂಡಿನಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರ್ ಒಂದಿದೆ. ಅದರ ಮೇಲಿನ ಪಾತ್ರೆಯ ತಳದಲ್ಲಿರುವ ಸೂಕ್ಷ್ಮರಂಧ್ರಗಳಲ್ಲಿ ಅರ್ಧಕ್ಕರ್ಧ ಎಷ್ಟೋ ವರ್ಷಗಳ ಪುಡಿಯಿಂದ ಮುಚ್ಚಿಹೋಗಿರುವುದರಿಂದಲೂ, ಕೆಳಗಿನ ಪಾತ್ರೆಯ ಕಂಠವು ಎಂದೋ ಕೈಜಾರಿ ಬಿದ್ದು ಒಂದು ಪಕ್ಕಕ್ಕೆ ನೆಗ್ಗಿಹೋಗಿ ಎರಡೂ ಸರಿಯಾಗಿ ಕೂಡದೆ ಇರುವುದರಿಂದಲೂ, ಬೇರೆಯವರ ಮನೆಯಲ್ಲಿ ಕಾಲು ಗಂಟೆಯಲ್ಲಿ ಇಳಿಯುವ ಡಿಕಾಕ್ಷನ್ ನಮ್ಮಲ್ಲಿ ಇಳಿಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇದನ್ನು ಹಳೆಯ ಪಾತ್ರೆಯವನಿಗೆ ಹಾಕಿ ಸ್ಟೀಲಿನದೊಂದನ್ನು ತರೋಣವೆಂದು ನಮ್ಮ ಮನೆಯಾಕೆ ಪ್ರತಿ ದೀಪಾವಳಿಗೂ ಸೂಚಿಸುವುದುಂಟು; ನಾನು ಹೂಂಗುಟ್ಟುವುದೂ ಉಂಟು; ಫಿಲ್ಟರ್ ಮಾತ್ರ ಗೂಡಿನಿಂದ ಕದಲಿಲ್ಲ.

ಬಾನುಲಿಯ ಮಿತ್ರರು ಮೊನ್ನೆ ಬಂದು, ಸಿನಿಮಾ, ಪುಸ್ತಕ, ಕಾಫಿ, ಗೆಳೆಯರೊಡನೆ ಅಡಿಗೆ, ಈ ನಾಲ್ಕರ ವಿಷಯವಾಗಿ ತೋಚಿದ್ದನ್ನು ಹೇಳಬೇಕೆಂದು ಕೇಳಿದಾಗ ನಾನು ಆ ಫಿಲ್ಟರಿನ ಮುಂದೆಯೇ ನಿಂತಿದ್ದೆ. ನಾಲ್ಕು ದಿಕ್ಕಿಗೆ ಮುಖ ಮಾಡಿರುವ ಎತ್ತುಗಳನ್ನು ಒಂದು ನೊಗಕ್ಕೆ ಹೂಡುವ ಬಗೆ ಹೇಗೆಂದು ಯೋಚಿಸುತ್ತ, ಒಳಗೆ ತೊಟ್ಟಿಕ್ಕುತ್ತಿದ್ದ ಹನಿಯ ಸದ್ದನ್ನು ಕೇಳುತ್ತಿದ್ದಂತೆ ನನಗೆ ಹೊಳೆದದ್ದಿಷ್ಟು: ನನ್ನ ತಾರುಣ್ಯದಲ್ಲಿ ನಾನು ಕುಡಿದ ಕಾಫಿಗಳಲ್ಲಿ ಒಂದರ ರುಚಿಯೂ ಈಗ ನಾಲಗೆಯ ಮೇಲಿಲ್ಲ; ಉಂಡ ಊಟಗಳ ನೆನಪು ಮಸಕಾಗಿದೆ; ನೋಡಿದ ಚಿತ್ರಗಳ ಕಥೆಗಳು ಒಂದರೊಳಗೊಂದು ಸೇರಿಹೋಗಿವೆ. ಅವುಗಳಿಗಾಗಿ ಕಾದ ಹೊತ್ತು ಮಾತ್ರ, ಆ ಹೊತ್ತಿನಲ್ಲಿ ನಾಲ್ವರು ಗೆಳೆಯರು ಆಡಿದ ಮಾತು ಮಾತ್ರ, ನಿನ್ನೆಯದರಂತೆ ನಿಚ್ಚಳವಾಗಿ ಉಳಿದಿದೆ. ಇದು ಮುಪ್ಪಿನ ಚಪಲವೋ ಏನೋ, ಕೇಳುವವರು ಕ್ಷಮಿಸಬೇಕು.

1966ರಿಂದ 68ರವರೆಗೆ, ಮಾನಸ ಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಎರಡು ವರ್ಷ, ನಾವು ನಾಲ್ವರು ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಒಂದು ಹಳೆಯ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ನಾನು ನಂಜನಗೂಡಿನ ಕಡೆಯವನು, ಕನ್ನಡದ ವಿದ್ಯಾರ್ಥಿ. ಎರಡನೆಯವನು ಮೂಡಿಗೆರೆಯ ಆಚೆಯ ಸಣ್ಣ ಕಾಫಿ ತೋಟದ ಮನೆಯವನು; ಸಸ್ಯಶಾಸ್ತ್ರ ಅವನ ವಿಷಯ. ಮೂರನೆಯವನು ಉಡುಪಿಯವನು, ಗಣಿತ ಓದಲು ಬಂದವನಾದರೂ ಒಲೆಯ ಮುಂದೆ ನಿಂತಾಗಲೇ ಅವನ ನಿಜವಾದ ಪಾಂಡಿತ್ಯವು ಪ್ರಕಾಶಕ್ಕೆ ಬರುತ್ತಿತ್ತು. ನಾಲ್ಕನೆಯವನು ಧಾರವಾಡದವನು, ತನ್ನ ಊರಿನಲ್ಲಿಯೇ ವಿಶ್ವವಿದ್ಯಾನಿಲಯವಿರುವಾಗ ಇಷ್ಟು ದೂರ ಏಕೆ ಬಂದೆಯೆಂದು ಕೇಳಿದರೆ, ದಸರಾ ನೋಡುವುದಕ್ಕೆಂದು ಹೇಳುತ್ತಿದ್ದ. ಅವನು ಓದಿದ್ದು ಇತಿಹಾಸ. ಒಳಗಿನ ಮನೆಯಲ್ಲಿ ಮನೆಯೊಡತಿ ಇದ್ದರು. ಎಪ್ಪತ್ತರ ಸಮೀಪದ ವಿಧವೆ. ನಾವು ಅಜ್ಜಿಯೆಂದೇ ಕರೆಯುತ್ತಿದ್ದೆವು.

ಆ ಹಿತ್ತಾಳೆಯ ಫಿಲ್ಟರ್ ಮೂಡಿಗೆರೆಯವನ ತಾಯಿ ಕೊಟ್ಟು ಕಳುಹಿಸಿದ್ದು. ಅದರೊಡನೆ ಬಟ್ಟೆಯ ಚೀಲದಲ್ಲಿ ಹಸಿರು ಬೀಜವೂ ಬಂತು. ಅಜ್ಜಿಯ ಬಳಿ ಹಿಡಿ ತಿರುಗಿಸುವ, ಉರುಳೆಯಂತಹ, ಬೀಜ ಹುರಿಯುವ ಡಬ್ಬಿಯೊಂದಿತ್ತು, ಇದ್ದಿಲ ಒಲೆಯ ಮೇಲೆ ಅದನ್ನಿಟ್ಟು ಒಬ್ಬರಾದಮೇಲೊಬ್ಬರು ತಿರುಗಿಸುತ್ತ ಕುಳಿತರೆ, ಬೀಜವು ಮೊದಲು ಹುಲ್ಲಿನ ವಾಸನೆ ಬಿಟ್ಟು, ಆಮೇಲೆ ಹೊಂಬಣ್ಣಕ್ಕೆ ತಿರುಗಿ, ಕೊನೆಗೆ ಚಟಚಟನೆ ಸಿಡಿಯತೊಡಗಿದಾಗ ಅಜ್ಜಿ ಒಳಗಿನಿಂದಲೇ, "ಸಾಕು ಇಳಿಸ್ರೋ, ಇನ್ನು ಹುರಿದರೆ ಇದ್ದಿಲೇ ಆಗೋದು!" ಎನ್ನುತ್ತಿದ್ದರು. ಕಣ್ಣಿಗೆ ಕಾಣದೆಯೇ, ಬರಿಯ ಸದ್ದಿನಿಂದ ಹದವನ್ನು ಅರಿಯುವ ಈ ವಿದ್ಯೆಯನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸುವುದನ್ನು ನಾನು ಕಂಡಿಲ್ಲ. ಆಮೇಲೆ ಮೇಜಿನ ಅಂಚಿಗೆ ಬಿಗಿದ ಕೈಗಿರಣಿಯಲ್ಲಿ ಪುಡಿಮಾಡಿ, ಫಿಲ್ಟರಿಗೆ ತುಂಬಿ, ಒತ್ತಿ, ಕುದಿಯುವ ನೀರನ್ನು ಸುರಿದು ಮುಚ್ಚಳವನ್ನು ಹಾಕಿದಮೇಲೆ ಮನುಷ್ಯನು ಮಾಡಬಹುದಾದ ಕೆಲಸ ಯಾವುದೂ ಉಳಿಯುವುದಿಲ್ಲ. ಅವಸರವಾಯಿತೆಂದು ಫಿಲ್ಟರನ್ನು ತಟ್ಟಿದರೆ ಪುಡಿ ಕದಡಿ ಕೆಳಗಿಳಿದು ಡಿಕಾಕ್ಷನ್ ಬಗ್ಗಡವಾಗುತ್ತದೆ. ಕುಳಿತಿರಬೇಕು, ಅಷ್ಟೆ.

ಧಾರವಾಡದವನಿಗೆ ಇದು ಸಹಿಸದು. ಅವನು ಚಹದ ನಾಡಿನವನು. "ಏನಲೇ ಇದು? ನೀವು ಕಾಫಿ ಇಳಸೂದ್ರಾಗ ನಮ್ಮೂರಾಗ ಎರಡು ಸರ್ತಿ ಚಾ ಕುಡದು ಊರ ಸುದ್ದಿ ಎಲ್ಲಾ ಮುಗಿಸಿರ್ತಾರ!" ಎಂದು ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದ. ಅದಕ್ಕೆ ಮೂಡಿಗೆರೆಯವನು ಅಷ್ಟೇ ಸಾವಧಾನವಾಗಿ, ಇಷ್ಟು ಹೊತ್ತಿಗೇ ಮಿಡುಕುವವನು ಒಂದು ವರ್ಷದ ಲೆಕ್ಕವನ್ನು ಕೇಳಬೇಕೆಂದು ತೋಟದ ಪುರಾಣವನ್ನು ತೆಗೆಯುತ್ತಿದ್ದ. ಬಾಬಾ ಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಅರಬರ ಮೋಖಾ ಬಂದರಿನಿಂದ ಏಳು ಬೀಜಗಳನ್ನು ಬಚ್ಚಿಟ್ಟುಕೊಂಡು ಬಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದ. ಅವನ ಕಣ್ಣು ಅರಳುತ್ತಿದ್ದದ್ದು ಹೂಮಳೆಯ ಪ್ರಸ್ತಾಪ ಬಂದಾಗ. ಮಾಗಿಯೆಲ್ಲ ಒಣಗಿ ನಿಂತ ಗಿಡವು ಫೆಬ್ರವರಿ-ಮಾರ್ಚಿಯಲ್ಲಿ ಬೀಳುವ ಆ ಒಂದು ಮಳೆಗಾಗಿ ಕಾದಿರುತ್ತದೆ. ಮಳೆ ಬಿದ್ದ ಒಂಬತ್ತು-ಹತ್ತು ದಿನಗಳಿಗೆ ಇಡೀ ತೋಟ ಒಂದೇ ಬೆಳಗಿನಲ್ಲಿ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಗೆ ತರುವ ಕಂಪು ಕಣಿವೆಯಿಂದ ಕಣಿವೆಗೆ ಹಬ್ಬುತ್ತದೆ. ಮೂರು-ನಾಲ್ಕು ದಿನಗಳಲ್ಲಿ ಎಲ್ಲವೂ ಕಂದಿ ಉದುರುತ್ತದೆ. ಹೂ ಬಿರಿದ ದಿನವೇ ಮತ್ತೆ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಯಿಕಟ್ಟುವುದು ಕೆಡುತ್ತದೆ. ಕೆಲವು ವಾರಗಳಲ್ಲಿ ಎರಡನೆಯ ಮಳೆ ಬಾರದಿದ್ದರೂ ಕೆಡುತ್ತದೆ. ಬೇಕಾದಾಗ ಬರಬೇಕು, ಬೇಡವಾದಾಗ ಬರಕೂಡದು. ಅಲ್ಲಿಂದ ಮುಂದೆ ಅರಾಬಿಕದ ಹಣ್ಣು ಕೆಂಪಾಗುವುದಕ್ಕೆ ಎಂಟು-ಒಂಬತ್ತು ತಿಂಗಳು, ರೊಬಸ್ಟಕ್ಕೆ ಇನ್ನೂ ಒಂದೆರಡು ತಿಂಗಳು ಹೆಚ್ಚು. ಬಿಡಿಸಿದ ಹಣ್ಣನ್ನು ಪಲ್ಪರಿನಲ್ಲಿ ಸಿಪ್ಪೆ ತೆಗೆದು, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿ ಹುಳಿಗೆ ಹಾಕಿ, ತೊಳೆದು, ಕಣದಲ್ಲಿ ವಾರಗಟ್ಟಲೆ ಬಿಸಿಲಿಗೆ ಹರಡಿ, ಸಂಜೆ ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡಿ... ಇಷ್ಟು ಹೇಳುವ ವೇಳೆಗೆ ಡಿಕಾಕ್ಷನ್ ಇಳಿದಿರುತ್ತಿತ್ತು. ಇದು ಅವನ ತಂತ್ರವೆಂದು ನನಗೆ ಬಹುಕಾಲದ ಮೇಲೆ ಅರ್ಥವಾಯಿತು.

ಒಂದು ಮಾರ್ಚಿಯಲ್ಲಿ ತಂದೆಯ ಕಾಗದವನ್ನು ಹಿಡಿದುಕೊಂಡು ಓಡಿಬಂದು, "ಹೂಮಳೆ ಆಯ್ತಂತೆ ಕಣೋ, ಅಪ್ಪಯ್ಯ ಬರ್ದಿದಾರೆ!" ಎಂದು ಅವನು ಕೂಗಿದ್ದು ನೆನಪಿದೆ. ಪರೀಕ್ಷೆಯಲ್ಲಿ ಉತ್ತೀರ್ಣನಾದ ದಿನವೂ ಅವನ ಮುಖದಲ್ಲಿ ಅಂತಹ ಕಳೆಯನ್ನು ನಾನು ಕಾಣಲಿಲ್ಲ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕೈಯಲ್ಲಿ ಕಾಸಿಲ್ಲದ ನಾಲ್ವರು ಒಂದು ಪುಸ್ತಕವನ್ನು ಕೊಂಡಾಗ ಅದನ್ನು ಓದುವ ಸರದಿಯೇ ಒಂದು ರಾಜಕಾರಣವಾಗುತ್ತದೆ. ನಮ್ಮ ಹಿರಿಯರಿಗೆ ಇದಕ್ಕಿಂತಲೂ ದೀರ್ಘವಾದ ನಿರೀಕ್ಷೆಯ ಅಭ್ಯಾಸವಿತ್ತೆನ್ನಿ: ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ಹೋಗಿ ಮಾರುತ್ತಿದ್ದ ಕಾಲದಲ್ಲಿ ಓದುಗನು ಪುಸ್ತಕಕ್ಕಾಗಿ ಕಾಯುತ್ತಿದ್ದದ್ದು ಮಾತ್ರವಲ್ಲ, ಗ್ರಂಥಕರ್ತನ ಹೆಜ್ಜೆಯ ಸಪ್ಪಳಕ್ಕಾಗಿಯೂ ಕಾಯುತ್ತಿದ್ದನು. ಧಾರವಾಡದವನು ತನ್ನ ಊರಿನ ಮನೋಹರ ಗ್ರಂಥಮಾಲೆಯ ಮಾತನ್ನು ಹೆಮ್ಮೆಯಿಂದ ತೆಗೆಯುತ್ತಿದ್ದ, 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಆ ಮಾಲೆಗೆ ಅವನ ಮನೆಯವರು ಚಂದಾದಾರರಾಗಿದ್ದು, ಹೊಸ ಪುಸ್ತಕದ ಕಟ್ಟು ಮನೆಗೆ ಬಂದ ದಿನ ಅಜ್ಜ, ತಂದೆ, ಚಿಕ್ಕಪ್ಪ ಈ ಕ್ರಮದಲ್ಲಿ ಓದಿ ಮುಗಿಯುವವರೆಗೆ ಹುಡುಗರು ಅದರ ರಕ್ಷಾಕವಚವನ್ನು ಮಾತ್ರ ಮುಟ್ಟಬಹುದಾಗಿತ್ತಂತೆ. ಆ ಶಿಸ್ತಿನಲ್ಲಿ ಬೆಳೆದವನಿಗೆ ನಮ್ಮ ಕೋಣೆಯಲ್ಲಿ ಮೊದಲಿಗನಾಗಿ ಓದುವ ಚಪಲ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

1967ರಲ್ಲಿ ಹಳೆಯ ಪುಸ್ತಕದಂಗಡಿಯೊಂದರಲ್ಲಿ ತ್ರಿವೇಣಿಯವರ 'ಬೆಳ್ಳಿಮೋಡ' ನಮಗೆ ಸಿಕ್ಕಿತು. ತ್ರಿವೇಣಿಯವರು ಮೈಸೂರಿನಲ್ಲಿಯೇ ಬಾಳಿದವರು. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ, ಹೆಣ್ಣುಮಕ್ಕಳ ಅಂತರಂಗದ ಬೇಗುದಿಯನ್ನು ಕನ್ನಡ ಕಾದಂಬರಿಯ ಅಂಗಳಕ್ಕೆ ತಂದವರು. 1963ರಲ್ಲಿ, ಇನ್ನೂ 35 ತುಂಬದ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಅದೇ ಕಾದಂಬರಿ ಆಗ ಚಲನಚಿತ್ರವಾಗಿ ಬರುತ್ತಿತ್ತು. ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯ ಚಿತ್ರವದು. ನೋಡುವ ಮುಂಚೆ ಓದಿಬಿಡಬೇಕೆಂಬುದು ನಮ್ಮ ಸಂಕಲ್ಪ. ಆದರೆ ಆ ಪ್ರತಿಯ ಹೊಲಿಗೆ ಬಿಟ್ಟುಹೋಗಿ ಹದಿನಾರು ಹದಿನಾರು ಪುಟಗಳ ಫಾರಂಗಳು ಬೇರೆ ಬೇರೆಯಾಗಿ ನಿಂತಿದ್ದುವು. ಇದನ್ನು ದೋಷವೆಂದು ಬಗೆಯದೆ ಅನುಕೂಲವೆಂದೇ ತಿಳಿದು, ಒಂದೊಂದು ಫಾರಮನ್ನು ಒಬ್ಬನು ಮುಗಿಸಿದೊಡನೆ ಮುಂದಿನವನಿಗೆ ದಾಟಿಸತಕ್ಕದ್ದೆಂದು ನಿಯಮ ಮಾಡಿ, ಚೀಟಿಯೆತ್ತಿದೆವು. ಧಾರವಾಡದವನು ಮೊದಲಿಗ, ನಾನು ಕೊನೆಯವನು. ಒಂದೇ ಕಾದಂಬರಿಯನ್ನು ನಾಲ್ವರು ಒಂದೇ ರಾತ್ರಿ, ಒಂದೇ ದೀಪದ ಕೆಳಗೆ, ನಾಲ್ಕು ಬೇರೆ ಬೇರೆ ಘಟ್ಟಗಳಲ್ಲಿ ಓದುತ್ತ ಕುಳಿತ ದೃಶ್ಯವನ್ನು ಕಲ್ಪಿಸಿಕೊಳ್ಳಿ. ನಾಯಕಿ ಇಂದಿರೆಯು ನನ್ನ ಪುಟದಲ್ಲಿ ಇನ್ನೂ ನಗುತ್ತಿದ್ದಾಗ ಧಾರವಾಡದವನು ನಿಟ್ಟುಸಿರು ಬಿಡುತ್ತಿದ್ದನು. ಏಕೆಂದು ಕೇಳಿದರೆ ಹೇಳುವವನಲ್ಲ. ಕೊನೆಯ ಫಾರಮನ್ನಂತೂ ಅವನು ಯಾರಿಗೂ ದಾಟಿಸದೆ ತನ್ನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿಕೊಂಡುಬಿಟ್ಟ. ಅಷ್ಟರಲ್ಲಿ ಸಿನಿಮಾ ಊರಿಗೆ ಬಂತು.

ಸಿನಿಮಾ ಎಂದೊಡನೆ ನನ್ನ ಮನಸ್ಸು ಮೈಸೂರಿನ ಚಿತ್ರಮಂದಿರಗಳನ್ನು ಹಾಯ್ದು ನಮ್ಮ ಹಳ್ಳಿಯ ಹೊರಬಯಲಿನ ಟೂರಿಂಗ್ ಟಾಕೀಸಿಗೆ ಹೋಗಿ ನಿಲ್ಲುತ್ತದೆ. ಡೇರೆಯ ಪಕ್ಕಗಳು ತೆರೆದೇ ಇರುವುದರಿಂದ ಕತ್ತಲಾಗುವವರೆಗೆ ಆಟ ಶುರುವಾಗುವಂತಿಲ್ಲ. ಸೂರ್ಯನು ಟಿಕೆಟ್ಟಿಲ್ಲದೆ ಒಳಗೆ ಬರುತ್ತಾನಷ್ಟೆ. ಹೊತ್ತು ಮುಳುಗುತ್ತಿದ್ದಂತೆ ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ದೇವರ ನಾಮದ ಪ್ಲೇಟು ಹಾಕುತ್ತಿದ್ದರು. ಅದು ಸುತ್ತಲಿನ ನಾಲ್ಕು ಹಳ್ಳಿಗಳ ಹೊಲಗದ್ದೆಗಳಿಗೆ ಕೇಳಿ, ಜನರು ಮುದ್ದೆಯನ್ನು ಬೇಗಬೇಗನೆ ನುಂಗಿ ಹೊರಡುತ್ತಿದ್ದರು. ಇಂತಹ ಪ್ಲೇಟು ಮುಗಿದರೆ ಆಟ ಶುರುವೆಂದು ಎಲ್ಲರಿಗೂ ಗೊತ್ತು.

ಅಲ್ಲಿದ್ದದ್ದು ಒಂದೇ ಯಂತ್ರ. ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತಿದ್ದುದರಿಂದ 1000 ಅಡಿಯ ಸುರುಳಿ ಹನ್ನೊಂದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಪಟ್ಟಣದಲ್ಲಿ ಎರಡನೆಯ ಯಂತ್ರವು ಒಡನೆಯೇ ಕಥೆಯನ್ನು ಎತ್ತಿಕೊಳ್ಳುತ್ತಿತ್ತು, ಡೇರೆಯಲ್ಲಿಯಾದರೋ ದೀಪ ಹಾಕಿ, ಸುರುಳಿ ಬದಲಾಯಿಸುವವರೆಗೆ ಕಥೆಯು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಿರಬೇಕಾಗಿತ್ತು. 'ಬೇಡರ ಕಣ್ಣಪ್ಪ' ಚಿತ್ರವನ್ನು ನಾನು ನೋಡಿದ್ದು ಅಲ್ಲಿಯೇ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ, ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ ಆ ಚಿತ್ರ ನಮ್ಮ ಊರಿಗೆ ಬರುವುದಕ್ಕೆ ಒಂದೆರಡು ವರ್ಷವೇ ಹಿಡಿದಿರಬೇಕು. ಕಣ್ಣಪ್ಪನು ಶಿವನಿಗೆ ಒಂದು ಕಣ್ಣನ್ನು ಕೊಟ್ಟಾಯಿತು, ಇನ್ನೊಂದಕ್ಕೆ ಕೈಯಿಡಬೇಕು, ಅಷ್ಟರಲ್ಲಿ ನಮ್ಮ ಡೇರೆಯಲ್ಲಿ ಸುರುಳಿ ಮುಗಿಯಿತು. ದೀಪ ಬಂತು. ಇಡೀ ಡೇರೆ ನಿಶ್ಶಬ್ದ. ಬೀಡಿ ಹಚ್ಚುವವನೂ ಹಚ್ಚಲಿಲ್ಲ. ಗಾಂಧಿ ಕ್ಲಾಸಿನ ಮರಳಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬನು ಯಂತ್ರದ ಕಡೆಗೆ ತಿರುಗಿ, ಕೈ ಮುಗಿದು, "ಬ್ಯಾಡ ಸ್ವಾಮಿ, ಇಷ್ಟಕ್ಕೇ ಬಿಟ್ಬುಡಿ, ಒಂದ್ ಕಣ್ಣಾರ ಇರ್ಲಿ" ಎಂದನು. ಯಾರೂ ನಗಲಿಲ್ಲ. ಸುರುಳಿ ಬದಲಾಯಿಸುತ್ತಿದ್ದ ಹುಡುಗನ ಕೈಯಲ್ಲಿ ಆ ಎರಡು-ಮೂರು ನಿಮಿಷ ಸಾಕ್ಷಾತ್ ಪರಶಿವನ ಅಧಿಕಾರವೇ ಇತ್ತೆಂದು ಹೇಳಬೇಕು. ಆಮೇಲೆ ನಾನು ಆ ಚಿತ್ರವನ್ನು ಒಳ್ಳೆಯ ಚಿತ್ರಮಂದಿರದಲ್ಲಿ, ತಡೆಯಿಲ್ಲದೆ ನೋಡಿದ್ದೇನೆ. ಕಥೆ ಅದೇ, ನಟನೆ ಅದೇ; ಆದರೆ ಬೇಡಿಕೊಳ್ಳುವುದಕ್ಕೆ ಎಡೆಯೇ ಇರಲಿಲ್ಲ.

ಅಜ್ಜಿಗೆ ಈ ಕಥೆಯನ್ನು ಹೇಳಿದಾಗ ಅವರು ತಮ್ಮದೊಂದನ್ನು ಹೇಳಿದರು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡಾಗ ಅವರ ಯಜಮಾನರು ಅವರನ್ನು ರೈಲಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಚಿತ್ರದಲ್ಲಿ ಏನೇನಿತ್ತೆಂದು ಕೇಳಿದೆವು. ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ ಎಂದಷ್ಟು ಹೇಳಿ, "ಅದೆಲ್ಲ ಮರೆತೇಹೋಯ್ತು ಕಣ್ರೋ. ಟಿಕೀಟಿಗೆ ನಿಂತಿದ್ದಾಗ ಅವರು ನನಗೊಂದು ಮೊಳ ಮಲ್ಲಿಗೆ ತಂದುಕೊಟ್ಟರು" ಎಂದರು. ಇಷ್ಟು ಹೇಳಿ ಒಳಕ್ಕೆ ಹೊರಟುಹೋದರು.

ಇನ್ನು 'ಬೆಳ್ಳಿಮೋಡ' ನೋಡಿದ ಆ ಶನಿವಾರ. ಎರಡನೆಯ ಆಟಕ್ಕೆ ನಾವು ನಾಲ್ವರೂ ಹೋದೆವು. 'ಬೆಳ್ಳಿಮೋಡ' ಕಪ್ಪು-ಬಿಳುಪಿನ ಚಿತ್ರ. ಆದರೆ ಪರದೆಯ ಮೇಲೆ ಚಿಕ್ಕಮಗಳೂರಿನ ಕಡೆಯ ಬೆಟ್ಟಗಳೂ ಮೋಡಗಳೂ ಬಂದೊಡನೆ ಮೂಡಿಗೆರೆಯವನಿಗೆ ಎಲ್ಲ ಬಣ್ಣಗಳೂ ಕಂಡುವೆಂದು ತೋರುತ್ತದೆ. ಅದು ಸಿಲ್ವರ್ ಓಕು, ಇದು ಹಲಸು ಎಂದು ಮರಗಳ ಹೆಸರನ್ನು ಪಿಸುಗುಟ್ಟುತ್ತ, ಹಿಂದಿನವರಿಂದ ಬೈಸಿಕೊಂಡನು. ಬೇಂದ್ರೆಯವರ 'ಬೆಳಗು' ಕವನವನ್ನು ಎಸ್. ಜಾನಕಿಯವರ ಕಂಠದಲ್ಲಿ ಹಾಡಿಸಿದ್ದರು, ಅದು ಆರಂಭವಾದೊಡನೆ ಧಾರವಾಡದವನು ನೆಟ್ಟಗೆ ಕುಳಿತು, "ನಮ್ಮ ಅಜ್ಜಾರ ಪದ, ಲೇ!" ಎಂದು ನನ್ನ ತೊಡೆಗೆ ಗುದ್ದಿದ. ಮಧ್ಯಂತರದಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಹೊರಗೆ ನಿಂತಾಗ ಉಡುಪಿಯವನು ನಮ್ಮ ಚಿತ್ರಗಳ ಮೇಲಿನ ತನ್ನ ಶಾಶ್ವತವಾದ ಆಕ್ಷೇಪವನ್ನು ಮಂಡಿಸಿದನು: "ಸಿನಿಮಾದಲ್ಲಿ ಯಾರಿಗಾದರೂ ಹೊಟ್ಟೆ ತುಂಬ ಊಟ ಆದದ್ದುಂಟಾ ಮಾರಾಯ? ತುತ್ತು ಎತ್ತುವಾಗಲೇ ಕೆಟ್ಟ ಸುದ್ದಿ ಬರ್ತದೆ." ಈ ವಿಮರ್ಶೆಗೆ ಸಮಾಧಾನ ಹೇಳಬಲ್ಲ ನಿರ್ದೇಶಕರನ್ನು ನಾನು ಇಂದಿಗೂ ಕಂಡಿಲ್ಲ.

ಆಟ ಬಿಟ್ಟಮೇಲೆ ನಡೆದುಕೊಂಡು ಬರುವಾಗ ವಾದ ಶುರುವಾಯಿತು. ಆಸ್ತಿಯ ಒಡತಿಯಾಗಲಿದ್ದವಳೆಂದು ಒಪ್ಪಿದ್ದ ಹುಡುಗಿಯನ್ನು, ಆಕೆಗೊಬ್ಬ ತಮ್ಮ ಹುಟ್ಟಿದನೆಂಬ ಕಾರಣದಿಂದ ತೊರೆದ ಗಂಡಸು, ಕೊನೆಗೆ ಪಶ್ಚಾತ್ತಾಪದಿಂದ ಕೈಚಾಚಿದಾಗ ಆಕೆ ಒಲ್ಲೆನೆನ್ನುವುದು ಸರಿಯೆ? ಸರಿಯೆಂದು ಇಬ್ಬರು, ಮನಸ್ಸು ತಿರುಗಿದವನಿಗೆ ಒಂದು ಅವಕಾಶ ಬೇಕೆಂದು ಇಬ್ಬರು. ಹಾಗಾದರೆ ಕಾದಂಬರಿಯ ಕೊನೆಯ ಫಾರಂನಲ್ಲಿ ಏನಿದೆ? ಅದನ್ನು ಬಲ್ಲವನು ಒಬ್ಬನೇ. ಅವನು ಬಾಯಿ ಬಿಡನು.

ಮರುದಿನ ಭಾನುವಾರ. ಭಾನುವಾರ ನಮ್ಮ ಕೋಣೆಯಲ್ಲಿ ಬಿಸಿಬೇಳೆ ಹುಳಿ. ಅದಕ್ಕೆ ನಾಲ್ಕು ಸೀಮೆಗಳ ಕಾಣಿಕೆ. ಅಕ್ಕಿ ನಂಜನಗೂಡಿನ ಕಡೆಯದು, ನಮ್ಮ ಮನೆಯದು. ಬ್ಯಾಡಗಿ ಮೆಣಸಿನಕಾಯಿ ಧಾರವಾಡದವನ ಪಾಲು. ತೆಂಗಿನಕಾಯಿ, ಕೊಬ್ಬರಿ ಉಡುಪಿಯವನದು. ಮಲೆನಾಡಿನವನು ಕಾಫಿಯೊಂದನ್ನು ಬಿಟ್ಟು ಬೇರೇನನ್ನೂ ತರುತ್ತಿರಲಿಲ್ಲವಾದರೂ ಊಟದ ಮುಂಚೆ ಒಂದು, ಆಮೇಲೆ ಒಂದು, ಹೀಗೆ ಎರಡು ಸುತ್ತು ಅವನದೇ. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ನಾಲ್ಕು ಕಾಳು ಮೆಂತ್ಯ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಇವುಗಳನ್ನು ಬೇರೆ ಬೇರೆಯಾಗಿ ಹುರಿಯಬೇಕೇ ಹೊರತು ಒಟ್ಟಿಗೆ ಹಾಕಿ ಬಾಣಲೆಯಲ್ಲಿ ಜಾತ್ರೆ ಮಾಡಕೂಡದೆಂಬುದು ಅಜ್ಜಿಯ ಶಾಸನ. ಅಂದು ಬೆಳಿಗ್ಗೆ ಹತ್ತಕ್ಕೆ ಸೀಮೆಎಣ್ಣೆಯ ಬತ್ತಿ ಸ್ಟೌವಿನ ಮೇಲೆ ತೊಗರಿಬೇಳೆಯನ್ನು ಇಟ್ಟು, ಅರಿಸಿನ, ಒಂದು ತೊಟ್ಟು ಎಣ್ಣೆ ಹಾಕಿ, ಪ್ರಧಾನ ಪಾಚಕನಾದ ಉಡುಪಿಯವನು ಬದನೆಕಾಯಿ ತರಲು ದೇವರಾಜ ಮಾರುಕಟ್ಟೆಗೆ ಹೋದನು. ರಾತ್ರಿ ತಡವಾಗಿ ಮಲಗಿ ಹಸಿದೆದ್ದಿದ್ದ ಧಾರವಾಡದವನು, ಕೆಲಸ ಬೇಗ ಮುಂದುವರಿಯಲೆಂಬ ಸದುದ್ದೇಶದಿಂದಲೇ, ನೆನೆಹಾಕಿದ್ದ ಹುಣಿಸೆಹಣ್ಣಿನ ರಸವನ್ನು ಬೇಳೆಯ ಪಾತ್ರೆಗೆ ಸುರಿದುಬಿಟ್ಟನು.

ಹನ್ನೊಂದಾಯಿತು. ಬೇಳೆ ಬೇಯಲಿಲ್ಲ. ಹನ್ನೆರಡಾಯಿತು. ಉಡುಪಿಯವನು ಬಂದು ಸೌಟಿನಲ್ಲಿ ಎತ್ತಿ ನೋಡಿ, ಬೆರಳಿನಿಂದ ಹಿಸುಕಿ, ಮೂಸಿ, ಅಪರಾಧವನ್ನು ಪತ್ತೆಹಚ್ಚಿ, ಪಾತಕಿಯ ಕಡೆಗೆ ನೋಡಿದ ನೋಟವು ಭೀಮನು ವಿರಾಟನ ಅಡಿಗೆಮನೆಯಲ್ಲಿ ಕೀಚಕನ ಹೆಸರನ್ನು ಕೇಳಿದಾಗಿನ ನೋಟದಂತಿತ್ತು. ಅಜ್ಜಿಯನ್ನು ಕರೆದೆವು. ಅವರು ಬಾಗಿಲಲ್ಲೇ ನಿಂತು, "ಬೇಳೆ ಬೇಯೋಕೆ ಮುಂಚೆ ಹುಳಿ ಬಿಟ್ಟರೆ ಯುಗಾದಿವರೆಗೂ ಬೇಯೋಲ್ಲ ಕಣ್ರೋ. ಎಂ.ಎ. ಓದ್ತೀರಂತೆ!" ಎಂದರು. ಸಸ್ಯಶಾಸ್ತ್ರದವನು ಇದಕ್ಕೆ ಭಾಷ್ಯ ಬರೆದನು: ಬೇಳೆಯ ಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಪೆಕ್ಟಿನ್ ಎಂಬ ಅಂಟು ಬರಿಯ ನೀರಿನಲ್ಲಿ ಕುದಿದರೆ ಕರಗುತ್ತದೆ, ಹುಳಿ ಸೇರಿದರೆ ಬಿಗಿಯಾಗಿಯೇ ಉಳಿಯುತ್ತದೆ. 'ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ' ಎಂಬ ಗಾದೆಯ ಮಾತಿಗೆ ಇಷ್ಟು ಪ್ರತ್ಯಕ್ಷವಾದ ಪ್ರಯೋಗವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಚೆಲ್ಲುವುದಕ್ಕೆ ಮನಸ್ಸಿಲ್ಲ, ಬೇರೆ ಬೇಳೆಗೆ ಕಾಸಿಲ್ಲ, ತಿಂಗಳ ಕೊನೆ. ಉರಿಯನ್ನು ಏರಿಸಿ ಕಾಯುವುದೊಂದೇ ದಾರಿ.

ಕಾದೆವು. ಆ ಭಾನುವಾರ ಹನ್ನೆರಡರಿಂದ ಮೂರರವರೆಗೆ ನಾವು ಮಾತನಾಡಿದಷ್ಟನ್ನು ಎರಡು ವರ್ಷಗಳಲ್ಲಿ ಮಾತನಾಡಲಿಲ್ಲ. ಕನ್ನಡದ ವಿದ್ಯಾರ್ಥಿಯೆಂಬ ಗರ್ವದಿಂದ ನಾನು ತರಗತಿಯಲ್ಲಿ ಕೇಳಿದ್ದನ್ನೆಲ್ಲ ಬಿಚ್ಚಿದೆ: ಸಾವಿರ ವರ್ಷಗಳಷ್ಟು ಹಿಂದೆ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಪಾಕವನ್ನೂ ಒಂದು ಶಾಸ್ತ್ರವೆಂದು ಎಣಿಸಿ ಅಧ್ಯಾಯ ಬರೆದದ್ದು, ನಮ್ಮ ಮೈಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ 'ಸೂಪಶಾಸ್ತ್ರ'ವೆಂದು ಅಡಿಗೆಗೇ ಒಂದು ಕೃತಿಯನ್ನು ಷಟ್ಪದಿಯಲ್ಲಿ ರಚಿಸಿದ್ದು, ಅದರಲ್ಲಿ ಪಿಷ್ಟಪಾಕ, ಪಾನಕ, ಕಲಮಾನ್ನಪಾಕ, ಶಾಕಪಾಕ ಎಂದು ಭಕ್ಷ್ಯಭೋಜ್ಯಗಳು ಅಧ್ಯಾಯಗಳಾಗಿ ನಿಂತಿರುವುದು. ಹಸಿದವರ ಮುಂದೆ ಶಾಕಪಾಕದ ಪ್ರಸ್ತಾಪವನ್ನು ತೆಗೆಯುವುದು ಎಷ್ಟು ಅವಿವೇಕವೆಂಬುದು ಬದನೆಕಾಯಿಯ ತೊಟ್ಟೊಂದು ನನ್ನ ತಲೆಗೆ ಬಂದು ತಗುಲಿದಾಗ ತಿಳಿಯಿತು. ಆಮೇಲೆ ಮೂಡಿಗೆರೆಯವನು ಫಿಲ್ಟರಿಗೆ ನೀರು ಸುರಿದನು. ಅದು ಇಳಿಯುವಷ್ಟರಲ್ಲಿ ಅವನು, ಆವರೆಗೆ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು, ತನಗೆ ನಿಶ್ಚಯವಾಗಿದ್ದ ಹುಡುಗಿಯ ಮನೆಯವರು ತೋಟದ ಸಾಲದ ಸುದ್ದಿ ಕೇಳಿ ಹಿಂದೆಗೆದದ್ದನ್ನು, ನೆಲವನ್ನು ನೋಡುತ್ತ ಹೇಳಿದನು. ಹಿಂದಿನ ರಾತ್ರಿ ಇಂದಿರೆಯು ಒಲ್ಲೆನೆಂದದ್ದು ಸರಿಯೆಂದು ಎಲ್ಲರಿಗಿಂತ ಜೋರಾಗಿ ವಾದಿಸಿದವನು ಅವನೇ. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಫಿಲ್ಟರಿನಲ್ಲಿ ಹನಿ ಬೀಳುವ ಸದ್ದು ಕೇಳುತ್ತಿತ್ತು. ಧಾರವಾಡದವನು ಎದ್ದುಹೋಗಿ, ಜೀವನದಲ್ಲಿ ಮೊಟ್ಟಮೊದಲನೆಯ ಬಾರಿಗೆ, ತಾನೇ ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಅವನ ಕೈಗೆ ಲೋಟವನ್ನು ಕೊಟ್ಟನು. ಸಕ್ಕರೆ ಹಾಕಲು ಮರೆತಿದ್ದನು. ಮೂಡಿಗೆರೆಯವನು ಹಾಗೆಯೇ ಕುಡಿದನು.

ಬಿಸಿಬೇಳೆ ಹುಳಿ ಮೂರೂಕಾಲಕ್ಕೆ ಎಲೆಗೆ ಬಂತು. ಬೇಳೆ ಹಲ್ಲಿಗೆ ಸಿಕ್ಕುತ್ತಿತ್ತು. ಒಂದಗುಳೂ ಮಿಗಲಿಲ್ಲ.

1968ರ ಬೇಸಗೆಯಲ್ಲಿ ಕೋಣೆಯನ್ನು ಬಿಟ್ಟೆವು. ಸಾಮಾನುಗಳನ್ನು ಹಂಚಿಕೊಳ್ಳುವಾಗ ಒರಳಿನ ಗಾತ್ರದ ಪಾತ್ರೆ ಉಡುಪಿಯವನ ಪಾಲಿಗೆ ಹೋಯಿತು. ಅವನು ಈಗ ಮುಂಬಯಿಯಲ್ಲಿದ್ದಾನೆ, ಮೊಮ್ಮಗಳಿಗೆ ಅಡಿಗೆ ಕಲಿಸುತ್ತಿದ್ದಾನಂತೆ. ಫಿಲ್ಟರನ್ನು ಮೂಡಿಗೆರೆಯವನು ನನಗೇ ಬಿಟ್ಟನು. ಅವರ ಮನೆಯಲ್ಲಿ ಅಂತಹವು ನಾಲ್ಕಿದ್ದುವು. ಅವನು ತೀರಿಕೊಂಡು ಆರು ವರ್ಷವಾಯಿತು. ತೋಟವನ್ನು ಮಗ ನೋಡಿಕೊಳ್ಳುತ್ತಾನೆ. ಕುಯ್ಲು ಮುಗಿದಮೇಲೆ ಬಟ್ಟೆಯ ಚೀಲವೊಂದು ಈಗಲೂ ತಪ್ಪದೆ ಬರುತ್ತದೆ, ತಂದೆಯ ಕೈಬರಹವನ್ನೇ ಹೋಲುವ ಅಕ್ಷರದಲ್ಲಿ ವಿಳಾಸ ಬರೆದಿರುತ್ತದೆ.

ಇನ್ನುಳಿದದ್ದು 'ಬೆಳ್ಳಿಮೋಡ'ದ ಕೊನೆಯ ಫಾರಂ. ಅದು ಧಾರವಾಡದವನ ಟ್ರಂಕಿನಲ್ಲಿ ರೈಲು ಹತ್ತಿ ಹೊರಟುಹೋಯಿತು. ಮುಂದೆ ಕನ್ನಡದ ಅಧ್ಯಾಪಕನಾದ ನಾನು ಗ್ರಂಥಾಲಯದ ಪ್ರತಿಯಲ್ಲಿ ಆ ಪುಟಗಳನ್ನು ಓದಿಲ್ಲವೆಂದರೆ ನೀವು ನಂಬಲಾರಿರಿ. ಓದಿದ್ದೇನೆ, ಪಾಠವನ್ನೂ ಹೇಳಿದ್ದೇನೆ. ಆದರೆ ಸರದಿಯ ಪ್ರಕಾರ ನನಗೆ ಸಲ್ಲತಕ್ಕ ಆ ಹದಿನಾರು ಪುಟಗಳು ಇನ್ನೂ ಸಂದಿಲ್ಲ. ನನ್ನ ಗೂಡಿನಲ್ಲಿ ಉಳಿದ ಫಾರಂಗಳು ದಾರದಲ್ಲಿ ಕಟ್ಟಿಕೊಂಡು ಕುಳಿತಿವೆ. ಮೊನ್ನೆ, ಈ ಭಾಷಣವನ್ನು ಬರೆಯಲು ಕುಳಿತಾಗ, ಹಳೆಯ ಬಾಕಿಯನ್ನು ಜ್ಞಾಪಿಸಿ ಅವನಿಗೊಂದು ಕಾರ್ಡು ಹಾಕಿದ್ದೆ. ಉತ್ತರ ನಿನ್ನೆ ಬಂತು.

"ಫಾರಂ ನನ್ನ ಕಡೆ ಅದ. ಅಂಚೆಯೊಳಗ ಕಳಸೂದಿಲ್ಲ, ನೀನ ಬಂದು ಒಯ್ಯಿ. ಬರೋವಾಗ ಮೂಡಿಗೆರಿ ಬೀಜ ಹುರಿಸಿ ಪುಡಿ ಮಾಡಿಸಿಕೊಂಡು ಬಾ. ಇಲ್ಲಿ ಸಿಗೋ ಪುಡಿ ಭಾಳ ಲಗೂ ಇಳೀತದ."